ಸಿಎ ಆಗದಿದ್ದರೆ ಬ್ಯಾಂಕ್, ಅದೂ ಆಗದಿದ್ದರೆ ಅಂಗಡಿ: ಕಾಮರ್ಸ್ ಓದಿದವರಿಗೆ ಇಷ್ಟೇನಾ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ. ಮಗ ಬಿ.ಕಾಂ. ಕೊನೆಯ ಸೆಮಿಸ್ಟರ್‌ನಲ್ಲಿದ್ದಾನೆ, ಇದುವರೆಗೆ ಶೇ 64 ಬಂದಿದೆ. ಮಗಳು ದ್ವಿತೀಯ ಪಿಯುಸಿ, ಎಸ್‌ಇಬಿಎ (ಸ್ಟಾಟಿಸ್ಟಿಕ್ಸ್, ಅರ್ಥಶಾಸ್ತ್ರ, ಬಿಸಿನೆಸ್, ಅಕೌಂಟೆನ್ಸಿ). ಅಕೌಂಟೆನ್ಸಿಯಲ್ಲಿ ಯಾವಾಗಲೂ 90ರ ಮೇಲೆ. ಮನೆಗೆ ಬಂದವರೆಲ್ಲ ‘ಸಿಎ ಮಾಡಿಸಿ’ ಅನ್ನುತ್ತಾರೆ. ಅದಾಗದಿದ್ದರೆ ಬ್ಯಾಂಕ್, ಅದೂ ಆಗದಿದ್ದರೆ ಅಂಗಡಿ. ಕಾಮರ್ಸ್ ಓದಿದವರಿಗೆ ಇಷ್ಟೇನಾ? ಊರು ಬಿಡದೆ ಮಾಡುವಂಥ ಕೆಲಸ ಏನಾದರೂ ಇದೆಯಾ?

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಜುಲೈನಲ್ಲಿ ಹುಬ್ಬಳ್ಳಿಯ ಡೀಲರ್ ಹತ್ತಿರ ಒಂದು ಲಕ್ಷ ರೂಪಾಯಿಯ ಪೇಂಟ್ ತರಿಸಿದಿರಿ ಅಂದುಕೊಳ್ಳಿ. ಶೇ 18ರ ಜಿಎಸ್‌ಟಿ ಸೇರಿ ಬಿಲ್ 1,18,000. ಆ 18,000ವನ್ನು ನಿಮ್ಮ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬೇಕಾದರೆ ಡೀಲರ್ ತನ್ನ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ರಿಟರ್ನ್‌ನಲ್ಲಿ, ಆ ಬಿಲ್ ತೋರಿಸಿರಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಅದರ ಗಡುವು ಮುಂದಿನ ತಿಂಗಳ 11. 14ನೇ ತಾರೀಕು ನಿಮ್ಮ ಪೋರ್ಟಲ್‌ನಲ್ಲಿ 2ಬಿ, ಅಂದರೆ ಡೀಲರ್‌ಗಳು ತೋರಿಸಿದ ನಿಮ್ಮ ಖರೀದಿ ಬಿಲ್‌ಗಳ ಪಟ್ಟಿ, ತಯಾರಾಗುತ್ತದೆ. 20ರೊಳಗೆ ನೀವು 3ಬಿ ಅನ್ನುವ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. ಡೀಲರ್ ಗಡುವು ತಪ್ಪಿಸಿದರೆ ಆ ಬಿಲ್ ನಿಮ್ಮ 2ಬಿಯಲ್ಲಿ ಕಾಣುವುದಿಲ್ಲ, 18,000ವನ್ನು ಆ ತಿಂಗಳು ನೀವೇ ಜೇಬಿನಿಂದ ಕಟ್ಟಬೇಕು. ಮುಂದಿನ ತಿಂಗಳು ಅದು ಸಿಕ್ಕೀತು, ಆದರೆ ಒಂದು ತಿಂಗಳ ಬಂಡವಾಳ ಸಿಕ್ಕಿಬಿತ್ತು. ಇನ್ನೂ ಕೆಟ್ಟದ್ದೆಂದರೆ, ಡೀಲರ್‌ನ ಗುಮಾಸ್ತ ನಿಮ್ಮ ಜಿಎಸ್‌ಟಿ ನಂಬರ್ ಹಾಕದೆ ಅದನ್ನು ಸಾಮಾನ್ಯ ಗಿರಾಕಿಯ ಮಾರಾಟ ಅಂತ ತೋರಿಸಿರುವುದು. ಅದು ಯಾರಾದರೂ ಹುಡುಕಿ ಸರಿ ಮಾಡಿಸುವವರೆಗೂ ಸಿಗುವುದಿಲ್ಲ.

ಎಂಟನೇ ತಾರೀಕಿಗೇ ಖರೀದಿಯ ಪಟ್ಟಿ ಹಿಡಿದು ಹುಬ್ಬಳ್ಳಿಗೆ ಫೋನ್ ಮಾಡಿ ‘ನಮ್ಮ ಬಿಲ್ ಹಾಕಿದಿರಾ’ ಅಂತ ಕೇಳುವವರು ಒಬ್ಬರು ಬೇಕು. ಕಾಮರ್ಸ್ ಓದಿದವರಿಗೆ ಎಲ್ಲ ಉದ್ಯಮದಲ್ಲೂ ಸಂಬಳ ಕೊಡುವುದು ಇಂಥ ಕೆಲಸಕ್ಕೇ. ಲೆಕ್ಕ ಬರೆಯುವುದನ್ನು ಕಂಪ್ಯೂಟರ್ ಮಾಡುತ್ತದೆ. ಎರಡು ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ ಅಂತ ಪತ್ತೆ ಹಚ್ಚುವುದಕ್ಕೆ ಮನುಷ್ಯ ಬೇಕು. ಹಾಗಾಗಿ ಕೋರ್ಸಿನ ಹೆಸರು ಹುಡುಕುವ ಮೊದಲು ಯಾವ ಉದ್ಯಮದ ಲೆಕ್ಕ ಅಂತ ಯೋಚಿಸಿ. ಒಂದೇ ಬಿ.ಕಾಂ. ಬೇರೆ ಬೇರೆ ಕಡೆ ಬೇರೆ ಬೇರೆ ಕೆಲಸವಾಗುತ್ತದೆ.

ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆ ತೆಗೆದುಕೊಳ್ಳಿ. ನೂರು ಟನ್ ಕಬ್ಬು ಅರೆದರೆ ಸುಮಾರು ಹತ್ತು ಟನ್ ಸಕ್ಕರೆ ಬರುತ್ತದೆ. ಜತೆಗೆ ಕಾಕಂಬಿ ಬರುತ್ತದೆ, ಅದು ಡಿಸ್ಟಿಲರಿಗೆ ಹೋಗುತ್ತದೆ. ಸಿಪ್ಪೆ ಬಾಯ್ಲರ್‌ಗೆ ಹೋಗಿ ವಿದ್ಯುತ್ ಆಗುತ್ತದೆ. ಕಬ್ಬಿಗೆ ಕೊಟ್ಟ ದುಡ್ಡನ್ನು ಈ ಮೂರರ ಮೇಲೆ ಹೇಗೆ ಹಂಚುವುದು? ಬಿ.ಕಾಂ. ಕಾಸ್ಟಿಂಗ್ ಪುಸ್ತಕದಲ್ಲಿ ಪರೀಕ್ಷೆಗೆ ಮಾತ್ರ ಓದಿ ಮರೆಯುವ ‘ಪ್ರೋಸೆಸ್ ಕಾಸ್ಟಿಂಗ್, ಜಾಯಿಂಟ್ ಪ್ರಾಡಕ್ಟ್’ ಅಧ್ಯಾಯ ಅಲ್ಲಿ ದಿನನಿತ್ಯದ ಕೆಲಸ. ಸಕ್ಕರೆಯಂಥ ನಿಯಂತ್ರಿತ ಉದ್ಯಮದಲ್ಲಿ ಕಂಪನಿಯ ವಹಿವಾಟು ಒಟ್ಟು 50 ಕೋಟಿ, ಆ ಉತ್ಪನ್ನದ್ದು 25 ಕೋಟಿ ದಾಟಿದರೆ ಕಾಸ್ಟ್ ಆಡಿಟ್ ಮಾಡಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಆ ವರದಿಗೆ ಸಹಿ ಹಾಕುವವರು ಸಿಎಂಎ, ಅಂದರೆ ಕಾಸ್ಟ್ ಅಕೌಂಟೆಂಟ್. ಸಿಎ ಹೆಸರಿನ ನೆರಳಿನಲ್ಲಿ ಈ ಕೋರ್ಸ್ ನಮ್ಮ ಊರುಗಳಲ್ಲಿ ಯಾರಿಗೂ ಕಾಣುವುದೇ ಇಲ್ಲ. ಕಾರ್ಖಾನೆಯ ಶಬ್ದ, ವಾಸನೆ ಬೇಸರ ಬರದವರಿಗೆ ಇದು ಒಳ್ಳೆಯ ದಾರಿ.

ರಫ್ತಿನ ವ್ಯವಹಾರ ಇನ್ನೊಂದು ಲೋಕ. ಬೆಂಗಳೂರಿನ ಗಾರ್ಮೆಂಟ್ಸ್, ಮಂಗಳೂರು ಕಡೆಯ ಗೋಡಂಬಿ, ಕಾಫಿ. ಇಲ್ಲಿ ಲೆಕ್ಕಕ್ಕಿಂತ ಕಾಗದಪತ್ರದ್ದೇ ಆಟ. ಹೊರದೇಶದ ಖರೀದಿದಾರ ತನ್ನ ಬ್ಯಾಂಕಿನಿಂದ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್), ಅಂದರೆ ದುಡ್ಡಿಗೆ ಬ್ಯಾಂಕೇ ಹೊಣೆ ನಿಲ್ಲುವ ಪತ್ರ, ತೆರೆಸುತ್ತಾನೆ. ಅದರಲ್ಲಿ ಸರಕಿನ ವಿವರಣೆ ಹೇಗಿದೆಯೋ ಇನ್‌ವಾಯ್ಸ್‌ನಲ್ಲೂ ಅದಕ್ಕೆ ಸರಿಯಾಗಿ ಹೊಂದಬೇಕು. ಹಡಗಿಗೆ ಹೇರಿದ ತಾರೀಕು ಒಂದೇ ಒಂದು ದಿನ ತಡವಾದರೂ, ಸಾಮಾನ್ಯ ನಿಯಮದಂತೆ ಹೇರಿದ 21 ದಿನದೊಳಗೆ ಕಾಗದ ಬ್ಯಾಂಕಿಗೆ ಕೊಡದಿದ್ದರೂ, ಬ್ಯಾಂಕ್ ‘ಡಿಸ್ಕ್ರೆಪೆನ್ಸಿ’ ಅಂತ ಎತ್ತಿಡುತ್ತದೆ. ಕಾಗದ ಪರಿಶೀಲಿಸಲು ಬ್ಯಾಂಕಿಗಿರುವುದು ಐದು ಕೆಲಸದ ದಿನ. ತಪ್ಪು ಸಿಕ್ಕರೆ ದುಡ್ಡು ನಿಂತಿತು, ಸರಕು ಮಾತ್ರ ಸಮುದ್ರದ ಮೇಲಿದೆ. ಆಗ ಖರೀದಿದಾರ ಬೆಲೆ ಇಳಿಸಲು ಶುರು ಮಾಡುತ್ತಾನೆ. ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಶನ್ ಬಲ್ಲ ಒಬ್ಬ ಬಿ.ಕಾಂ. ಪದವೀಧರನನ್ನು ಮಾಲೀಕರು ಬಿಟ್ಟುಕೊಡದಿರುವುದು ಇದಕ್ಕೇ. ಇದಕ್ಕೆ ದೊಡ್ಡ ಪರೀಕ್ಷೆ ಏನೂ ಇಲ್ಲ. ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಎರಡು ವರ್ಷ ಕೂತರೆ ಬರುತ್ತದೆ; ಇಂಗ್ಲಿಷ್ ಪತ್ರ ಓದಿ ಬರೆಯಲು ಬರಬೇಕು, ಅಷ್ಟೆ.

ಆಸ್ಪತ್ರೆಗಳಲ್ಲಿ ವಿಮೆ ಕ್ಲೇಮ್‌ಗಳ ಮೇಜು, ಹೋಟೆಲ್‌ಗಳಲ್ಲಿ ಅಡುಗೆಮನೆಯ ಕಾಸ್ಟ್ ಕಂಟ್ರೋಲ್, ಸಾಗಣೆ ಕಂಪನಿಗಳಲ್ಲಿ ಬಾಡಿಗೆಯ ಲೆಕ್ಕ: ಇವೆಲ್ಲ ಇದ್ದೇ ಇವೆ, ಆರಂಭದ ಸಂಬಳ ಕಡಿಮೆ.

ನಿಮ್ಮ ಮಗನಿಗೆ ಹತ್ತಿರವಾಗಬಹುದಾದದ್ದು ಬೆಂಗಳೂರಿನ ಜಿಸಿಸಿಗಳು. ವಿದೇಶಿ ಕಂಪನಿಗಳು ತಮ್ಮ ಜಗತ್ತಿನ ಲೆಕ್ಕವನ್ನೆಲ್ಲ ತಂದು ಮಾಡಿಸುವ ಕಚೇರಿಗಳಿವು. ಕೆಲಸ ಮೂರು ಭಾಗ. ಸರಬರಾಜುದಾರರ ಬಿಲ್ ಪಾವತಿ ಒಂದು. ಅಲ್ಲಿ ಖರೀದಿ ಆದೇಶ, ಸರಕು ಬಂದ ರಸೀದಿ, ಬಿಲ್ ಮೂರೂ ಹೊಂದಿದರೆ ಮಾತ್ರ ದುಡ್ಡು ಬಿಡುವುದು. ಗಿರಾಕಿಗಳಿಂದ ವಸೂಲಿ ಎರಡನೆಯದು. ತಿಂಗಳ ಕೊನೆಯಲ್ಲಿ ಪುಸ್ತಕ ಮುಚ್ಚಿ ವರದಿ ಕೊಡುವುದು ಮೂರನೆಯದು, ಅದಕ್ಕೇ ಹೆಚ್ಚು ಬೆಲೆ. ಸಂದರ್ಶನದಲ್ಲಿ ನಮ್ಮ ಹುಡುಗರು ಬೀಳುವುದು ಇಂಗ್ಲಿಷ್‌ನಿಂದ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಕೇಳುವ ಪ್ರಶ್ನೆ ಇಂಥದ್ದು: ‘ಮಾರ್ಚ್ ತಿಂಗಳ ವಿದ್ಯುತ್ ಬಿಲ್ ಏಪ್ರಿಲ್ 10ಕ್ಕೆ ಬಂತು. ಮಾರ್ಚ್ 31ರ ಪುಸ್ತಕದಲ್ಲಿ ಏನು ಬರೆಯುತ್ತೀರಿ?’ ವಿದ್ಯುತ್ ವೆಚ್ಚ ಡೆಬಿಟ್, ಕೊಡಬೇಕಾದ ವೆಚ್ಚ ಕ್ರೆಡಿಟ್. ಏಪ್ರಿಲ್‌ನಲ್ಲಿ ಬಿಲ್ ಬಂದಾಗ ಅದನ್ನು ತಿರುಗಿಸಬೇಕು. ಪಿಯುಸಿಯಲ್ಲಿ ಕಲಿತದ್ದೇ. ಶೇ 80 ತೆಗೆದವರೂ ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಡಿಗ್ರಿಯಲ್ಲಿ ಐದು ಅಂಕದ ಥಿಯರಿ ಉತ್ತರ ಬಾಯಿಪಾಠ ಮಾಡಿ ಪಾಸಾಗಿರುತ್ತಾರೆ. ಮಗನಿಗೆ ಈಗ ಉಳಿದ ತಿಂಗಳುಗಳಲ್ಲಿ ಮಾಡಿಸಬೇಕಾದದ್ದು: ಹೊಂದಾಣಿಕೆ ಎಂಟ್ರಿಗಳು, ಸವಕಳಿ, ಬ್ಯಾಂಕ್ ರಿಕನ್ಸಿಲಿಯೇಶನ್ ಮೂರನ್ನೂ ಮತ್ತೆ ಮೊದಲಿನಿಂದ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್, ಎಕ್ಸ್‌ಲುಕಪ್, ಪವರ್ ಕ್ವೆರಿ. ಮೂರು ತಿಂಗಳ ಟ್ಯಾಲಿ ಕೋರ್ಸ್ ಬೇಡ ಅನ್ನುವುದಿಲ್ಲ, ಆದರೆ ಅದು ವೋಚರ್ ಹಾಕಲು ಕಲಿಸುತ್ತದೆಯೇ ಹೊರತು ಯಾಕೆ ಹಾಕಬೇಕು ಅಂತಲ್ಲ.

ಈ ಕಚೇರಿಗಳಿಗಾಗಿಯೇ ಎಸಿಸಿಎ, ಯುಎಸ್ ಸಿಎಂಎ ಅನ್ನುವ ವಿದೇಶಿ ಕೋರ್ಸ್‌ಗಳ ಜಾಹೀರಾತು ಜೋರಾಗಿದೆ. ಅಮೆರಿಕದ ಸಿಎಂಎ (ಮೇಲೆ ಹೇಳಿದ ನಮ್ಮ ಸಿಎಂಎ ಬೇರೆ) ಎರಡೇ ಪತ್ರಿಕೆ, ಒಂದೊಂದೂ ನಾಲ್ಕು ಗಂಟೆ. 500ಕ್ಕೆ 360 ಬೇಕು. ಪರೀಕ್ಷೆ ಮುಗಿದರೂ ಪದವಿ ಮತ್ತು ಎರಡು ವರ್ಷದ ಅನುಭವ ಇಲ್ಲದೆ ಪ್ರಮಾಣಪತ್ರ ಬರುವುದಿಲ್ಲ. ಈ ಯಾವುದೂ ಭಾರತದಲ್ಲಿ ಕಂಪನಿಯ ಶಾಸನಬದ್ಧ ಆಡಿಟ್‌ಗೆ ಸಹಿ ಹಾಕುವ ಹಕ್ಕು ಕೊಡುವುದಿಲ್ಲ. ಅದು ಸಿಎಗೆ ಮಾತ್ರ. ‘ಬಿ.ಕಾಂ. ಜತೆ ಯುಎಸ್ ಸಿಎಂಎ ಸೇರಿಸಿ ಇಷ್ಟು ಲಕ್ಷ’ ಅಂತ ಕಾಲೇಜು ಹೇಳಿದರೆ ಡಾಲರ್‌ನಲ್ಲಿ ಕಟ್ಟುವ ಪರೀಕ್ಷಾ ಶುಲ್ಕ ಅದರಲ್ಲಿ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಬೆಲೆಯಿಲ್ಲ.

ಇನ್ನು ಸಿಎ. ಮಗಳಿಗೆ ಇದು ನಿಜವಾದ ಆಯ್ಕೆಯೇ, ಆದರೆ ಅಕೌಂಟೆನ್ಸಿಯ 90 ನೋಡಿ ನಿರ್ಧಾರ ಮಾಡಬೇಡಿ. ಮೊದಲ ಹಂತವಾದ ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆ, ತಲಾ 100 ಅಂಕ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟು ಶೇ 50 ಬೇಕು. ಅಕೌಂಟಿಂಗ್ ಮತ್ತು ಬಿಸಿನೆಸ್ ಕಾನೂನು ಬರೆದು ಉತ್ತರಿಸುವಂಥವು. ಅರ್ಥಶಾಸ್ತ್ರ ಮತ್ತು ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್ ವಸ್ತುನಿಷ್ಠ, ತಪ್ಪಿಗೆ ಕಾಲು ಅಂಕ ಕಡಿತ. ನಮ್ಮ ಪಿಯು ಮಕ್ಕಳು ಎಡವುವುದು ಈ ಕ್ವಾಂಟಿಟೇಟಿವ್‌ನಲ್ಲಿ: 40 ಅಂಕ ಬಿಸಿನೆಸ್ ಗಣಿತ, 20 ಲಾಜಿಕಲ್ ರೀಸನಿಂಗ್, 40 ಸ್ಟಾಟಿಸ್ಟಿಕ್ಸ್. ಮಗಳು ಎಸ್‌ಇಬಿಎ ಆದ್ದರಿಂದ ಸ್ಟಾಟಿಸ್ಟಿಕ್ಸ್ ಕೈಯಲ್ಲಿದೆ. ಸ್ಟಾಟಿಸ್ಟಿಕ್ಸ್ ಬದಲು ಇತಿಹಾಸ ಓದುವ ಎಚ್‌ಇಬಿಎ ಮಕ್ಕಳಿಗಿಂತ ಅವಳು ಒಂದು ಹೆಜ್ಜೆ ಮುಂದೆ. ಎಸ್ಸೆಸ್ಸೆಲ್ಸಿ ನಂತರ ಬಿಟ್ಟ ಗಣಿತವನ್ನು ಮತ್ತೆ ಹಿಡಿಯಬೇಕು. ಅವಳ ಕೈಗೆ ಹಳೆಯ ಪತ್ರಿಕೆಯೊಂದನ್ನು ಕೊಟ್ಟು ಗಡಿಯಾರ ಇಟ್ಟು ಎರಡು ಗಂಟೆ ಕೂರಿಸಿ. ತಯಾರಿಯಿಲ್ಲದೆಯೂ 25ರ ಸುತ್ತ ಬಂದರೆ ಮುಂದುವರಿಯಿರಿ. 2024ರ ಜೂನ್‌ನಿಂದ 2025ರ ಜನವರಿವರೆಗಿನ ಫೌಂಡೇಶನ್ ಪರೀಕ್ಷೆಗಳಲ್ಲಿ ಬರೆದ ನೂರರಲ್ಲಿ ಪಾಸಾದವರು 15ರಿಂದ 22 ಮಂದಿ.

ತಾರೀಕು ಗಮನಿಸಿ, ಹೆಚ್ಚಿನವರು ಅಲ್ಲೇ ನಾಲ್ಕು ತಿಂಗಳು ಕಳೆದುಕೊಳ್ಳುತ್ತಾರೆ. ಸೆಪ್ಟೆಂಬರ್ ಪರೀಕ್ಷೆಗೆ ಕೂರಬೇಕಾದರೆ ಮೇ 1ರೊಳಗೆ ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನಲ್ಲಿ ನೋಂದಣಿಯಾಗಿರಬೇಕು. ಮುಂದಿನ ಜನವರಿಗೆ ಸೆಪ್ಟೆಂಬರ್ 1, ಮೇ ಪರೀಕ್ಷೆಗೆ ಜನವರಿ 1. ಪಿಯು ಫಲಿತಾಂಶ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ. ‘ರಿಸಲ್ಟ್ ಬರಲಿ, ನೋಡೋಣ’ ಅಂತ ಕೂತು, ಕೋಚಿಂಗ್ ಸೆಂಟರ್ ವಿಚಾರಿಸುತ್ತ ಓಡಾಡುವಷ್ಟರಲ್ಲಿ ಮೇ 1 ದಾಟಿರುತ್ತದೆ. ನೋಂದಣಿ ಎಸ್ಸೆಸ್ಸೆಲ್ಸಿ ಆದಮೇಲೇ ಮಾಡಬಹುದು, ಫಲಿತಾಂಶಕ್ಕೆ ಕಾಯಬೇಕಿಲ್ಲ. ಮೊದಲ ಪಿಯುನಿಂದಲೇ ತಯಾರಿ ಮಾಡಿದ್ದರೆ ಮೇ, ಇಲ್ಲದಿದ್ದರೆ ಸೆಪ್ಟೆಂಬರ್. ಎರಡು ತಿಂಗಳಲ್ಲಿ ನಾಲ್ಕು ಪತ್ರಿಕೆ ಉರು ಹೊಡೆದು ಬರೆಸುವ ಆತುರ ಬೇಡ.

ಫೌಂಡೇಶನ್ ಆದಮೇಲೆ ಇಂಟರ್‌ಮೀಡಿಯೆಟ್: ಎರಡು ಗುಂಪು, ಆರು ಪತ್ರಿಕೆ, ನೋಂದಣಿಯಾಗಿ ಎಂಟು ತಿಂಗಳ ಓದು. ನಂತರ ಸಿಎ ಕಚೇರಿಯಲ್ಲಿ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಕೆಲಸದ ತರಬೇತಿ. 2023ರ ಹೊಸ ಪದ್ಧತಿಗೆ ಮೊದಲು ಇದು ಮೂರು ವರ್ಷವಿತ್ತು. ಅದು ಮುಗಿದು ಆರು ತಿಂಗಳ ಮೇಲೆ ಫೈನಲ್, ಮತ್ತೆ ಆರು ಪತ್ರಿಕೆ. ಎಲ್ಲವನ್ನೂ ಮೊದಲ ಪ್ರಯತ್ನದಲ್ಲೇ ದಾಟಿದರೆ ಪಿಯು ಮುಗಿದ ನಾಲ್ಕೂಕಾಲು ವರ್ಷಕ್ಕೆ ಸಿಎ. ನಿಮ್ಮ ಲೆಕ್ಕದಲ್ಲಿ ಆರು ವರ್ಷ ಅಂತಲೇ ಇಟ್ಟುಕೊಳ್ಳಿ. ಆರ್ಟಿಕಲ್‌ಶಿಪ್‌ನಲ್ಲಿ ಸಿಗುವ ಸ್ಟೈಪೆಂಡ್ ಬೆಂಗಳೂರಿನ ಪಿಜಿ ಬಾಡಿಗೆಗೆ ಸಾಲುವುದು ಅಪರೂಪ; ಹುಬ್ಬಳ್ಳಿಯಲ್ಲಿ ಮಾಡಿದರೆ ಖರ್ಚು ಕಡಿಮೆ. ಸಣ್ಣ ಊರಿನ ಕಚೇರಿಯಲ್ಲಿ ಮಕ್ಕಳು ಆದಾಯ ತೆರಿಗೆ, ಜಿಎಸ್‌ಟಿ, ಆಡಿಟ್ ಮೂರನ್ನೂ ಮುಟ್ಟುತ್ತಾರೆ. ದೊಡ್ಡ ಫರ್ಮ್‌ನಲ್ಲಿ ಎರಡು ವರ್ಷ ಒಂದೇ ಬ್ಯಾಂಕಿನ ಆಡಿಟ್‌ನಲ್ಲಿ ಕಳೆಯಬಹುದು, ಆದರೆ ರೆಸ್ಯುಮೆಗೆ ಹೆಸರು ಬರುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಸಿಎ ಓದುವಾಗ ಪದವಿ ಕಡ್ಡಾಯವಲ್ಲ, ಹಾಗಾಗಿ ಕೆಲವರು ಡಿಗ್ರಿಗೆ ಸೇರುವುದೇ ಇಲ್ಲ. ನಾಲ್ಕೈದು ವರ್ಷವಾದ ಮೇಲೆ ಫೈನಲ್ ದಾಟಲಾಗದೆ ನಿಂತರೆ ಅವರ ಕೈಯಲ್ಲಿರುವುದು ಪಿಯುಸಿ ಅಂಕಪಟ್ಟಿ ಮಾತ್ರ. ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಲಾಗದು, ಎಂ.ಕಾಂ. ಸೇರಲಾಗದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಬಿ.ಕಾಂ.ಗಾದರೂ ಸೇರಿಸಿಬಿಡಿ. ಇಂಟರ್ ಪಾಸಾಗಿ ಆರ್ಟಿಕಲ್‌ಶಿಪ್ ಮುಗಿಸಿ ಫೈನಲ್‌ನಲ್ಲಿ ಸಿಕ್ಕಿಕೊಂಡವರನ್ನು ಕಂಪನಿಗಳು ಸಂತೋಷದಿಂದ ತೆಗೆದುಕೊಳ್ಳುತ್ತವೆ, ಕೈಯಲ್ಲಿ ಡಿಗ್ರಿ ಇದ್ದರೆ.

ಮಗನಿಗೂ ಸಿಎ ಬಾಗಿಲು ಮುಚ್ಚಿಲ್ಲ. ಕಾಮರ್ಸ್ ಪದವಿಯಲ್ಲಿ ಶೇ 55 ಇದ್ದವರು ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. 64 ಅದಕ್ಕೆ ಧಾರಾಳ. ಆದರೆ ಅವನಿಗೆ ಓದುವ ಹಟ ಇದೆಯಾ ಅಂತ ಅವನನ್ನೇ ಕೇಳಿ, ನೆಂಟರನ್ನಲ್ಲ.

ಕಂಪನಿ ಸೆಕ್ರೆಟರಿ ಕೋರ್ಸ್ ಕಾನೂನಿನ ರುಚಿ ಇರುವವರಿಗೆ. ಷೇರುಪೇಟೆಯಲ್ಲಿ ಪಟ್ಟಿಯಾದ ಪ್ರತಿ ಕಂಪನಿಗೂ, ಪಾವತಿಯಾದ ಬಂಡವಾಳ 10 ಕೋಟಿ ಮುಟ್ಟಿದ ಖಾಸಗಿ ಕಂಪನಿಗಳಿಗೂ ಪೂರ್ಣಾವಧಿ ಸಿಎಸ್ ಇರಲೇಬೇಕು. ಲೆಕ್ಕಕ್ಕಿಂತ ಓದು, ಬರಹ ಇಷ್ಟಪಡುವ ಮಗುವಿಗೆ ಸಿಎಗಿಂತ ಇದು ಹೊಂದುತ್ತದೆ. ಇಂಥ ಕಂಪನಿಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ ಅನ್ನುವುದಷ್ಟೇ ತೊಡಕು.

ಬ್ಯಾಂಕ್ ಬಗ್ಗೆ ನಮ್ಮವರಿಗೆ ಒಲವು ಸಹಜ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕ್ ಐದೂ 1906ರಿಂದ 1931ರೊಳಗೆ ಕರಾವಳಿಯ ಉಡುಪಿ, ಮಂಗಳೂರಲ್ಲೇ ಹುಟ್ಟಿದವು. ಆದರೆ ‘ಕಾಮರ್ಸ್ ಓದಿದ್ದಾನೆ, ಬ್ಯಾಂಕ್ ಸುಲಭ’ ಅನ್ನುವುದು ತಪ್ಪು ಲೆಕ್ಕ. ಸರ್ಕಾರಿ ಬ್ಯಾಂಕ್‌ಗಳ ನೇಮಕಾತಿಯ ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ ಡೆಬಿಟ್-ಕ್ರೆಡಿಟ್ ಒಂದೂ ಕೇಳುವುದಿಲ್ಲ. ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35 ಪ್ರಶ್ನೆ. ಒಂದು ಗಂಟೆ, ಪ್ರತಿ ಭಾಗಕ್ಕೆ 20 ನಿಮಿಷ, ತಪ್ಪಿಗೆ ಕಾಲು ಅಂಕ. ಎಂಜಿನಿಯರಿಂಗ್ ಮುಗಿಸಿದವರೂ ಅಲ್ಲಿಗೇ ಬರುತ್ತಾರೆ, ವೇಗದಲ್ಲಿ ಅವರದೇ ಮೇಲುಗೈ. ಕ್ಲರ್ಕ್ ಹುದ್ದೆಗೆ ವಯಸ್ಸು 20ರಿಂದ 28, ಪಿಒಗೆ (ಪ್ರೊಬೇಷನರಿ ಆಫೀಸರ್) 20ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕರ್ನಾಟಕದ ಹುದ್ದೆಗೆ ಕನ್ನಡ ಬರಬೇಕು. ಶಾಲೆಯಲ್ಲಿ ಕನ್ನಡ ಓದಿದ ಅಂಕಪಟ್ಟಿ ಇದ್ದರೆ ಭಾಷಾ ಪರೀಕ್ಷೆಯ ತಲೆನೋವಿಲ್ಲ. ಗ್ರಾಮೀಣ ಬ್ಯಾಂಕನ್ನೂ ಮರೆಯಬೇಡಿ: ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿ ಈಗ ರಾಜ್ಯಕ್ಕೆ ಒಂದೇ ಆಗಿದೆ. ಕಾಮರ್ಸ್ ಕೆಲಸಕ್ಕೆ ಬರುವುದು ಒಳಗೆ ಹೋದ ಮೇಲೆ, ಬ್ಯಾಂಕ್ ನೌಕರರ ಜೆಎಐಐಬಿ ಪರೀಕ್ಷೆ ಬರೆಯುವಾಗ.

ಸರ್ಕಾರಿ ನೌಕರಿಯಲ್ಲಿ ಕೇಂದ್ರದ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೂಲಕ ಆದಾಯ ತೆರಿಗೆ ಇನ್‌ಸ್ಪೆಕ್ಟರ್, ಆಡಿಟರ್, ಅಕೌಂಟೆಂಟ್ ಹುದ್ದೆಗಳಿವೆ. ಯಾವ ಪದವಿಯಾದರೂ ನಡೆಯುತ್ತದೆ. ರಾಜ್ಯದ ನೇಮಕಾತಿಗಳ ತೊಡಕು ಅಧಿಸೂಚನೆಯ ಅನಿಶ್ಚಿತತೆ. ಅದೊಂದನ್ನೇ ನಂಬಿ ಧಾರವಾಡದಲ್ಲಿ ರೂಮು ಮಾಡಿ ವರ್ಷಗಟ್ಟಲೆ ಕೂರುವವರನ್ನು ನೀವೂ ನೋಡಿರುತ್ತೀರಿ. ಎರಡು ವರ್ಷ ಅಂತ ಮಿತಿ ಹಾಕಿಕೊಳ್ಳಿ, ಜತೆಗೆ ಅರ್ಧ ದಿನದ್ದಾದರೂ ಒಂದು ಕೆಲಸ ಇರಲಿ.

ಕೊನೆಯ ಪ್ರಶ್ನೆ, ಊರು ಬಿಡದೆ ಏನು ಮಾಡಬಹುದು ಅಂತ. ಎರಡು ದಾರಿ ಕಾಣುತ್ತವೆ.

ಒಂದು, ಸಹಕಾರ ಕ್ಷೇತ್ರ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ನಿಮ್ಮ ಸುತ್ತಲೂ ಪತ್ತಿನ ಸಂಘ, ಸೌಹಾರ್ದ, ಡಿಸಿಸಿ ಬ್ಯಾಂಕ್ ಬೇಕಾದಷ್ಟಿವೆ. ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಕೈಬರಹದ ಲೆಡ್ಜರ್‌ನಿಂದ ಸಾಲದ ಬಾಕಿಗಳನ್ನು ಕಂಪ್ಯೂಟರ್‌ಗೆ ಏರಿಸುವಾಗ ಹಳೆಯ ಬಡ್ಡಿ ಲೆಕ್ಕ ತಾಳೆಯಾಗದೆ ನಿಲ್ಲುವುದು ಸಾಮಾನ್ಯ. ಡಬಲ್ ಎಂಟ್ರಿ ಗೊತ್ತಿರುವ, ರೈತರ ಜತೆ ಮಾತಾಡಲು ಬರುವ ಹುಡುಗ ಅಲ್ಲಿ ಬೇಕು. ಸೇರುವ ಮೊದಲು ಆ ಸಂಘದ ಹಿಂದಿನ ಮೂರು ವರ್ಷದ ಆಡಿಟ್ ವರ್ಗ ಯಾವುದು ಅಂತ ನೋಡಿ. ಎ, ಬಿ ಆದರೆ ಸರಿ, ಅದಕ್ಕಿಂತ ಕೆಳಗಿದ್ದರೆ ಬೇಡ. ಹಳಬರು ಮಾಡಿದ ಗೊಂದಲಕ್ಕೆ ಹೊಸಬ ಸಹಿ ಹಾಕಬೇಕಾಗುತ್ತದೆ.

ಇನ್ನೊಂದು, ತೆರಿಗೆ ಕನ್ಸಲ್ಟೆಂಟ್ ಕಚೇರಿ. ಬಿ.ಕಾಂ. ಪದವೀಧರ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಣಿಗೆ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ತಿಂಗಳ ಕ್ಯಾಲೆಂಡರ್ ಹೀಗಿರುತ್ತದೆ: 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ 3ಬಿ. ಹೊಸಬರು ಕೈಸುಟ್ಟುಕೊಳ್ಳುವುದು ಕಾನೂನು ಗೊತ್ತಿಲ್ಲದೆ ಅಲ್ಲ. ಗಿರಾಕಿ 19ರ ರಾತ್ರಿ ಚೀಲದಲ್ಲಿ ಬಿಲ್ ತಂದು ಸುರಿದಾಗ ‘ಆಗಲಿ’ ಅಂದುಬಿಡುವುದರಿಂದ. 5ನೇ ತಾರೀಕಿನೊಳಗೆ ಬಿಲ್ ಬರಲಿ ಅಂತ ಮೊದಲ ದಿನವೇ ಬರೆದು ಕೊಡಬೇಕು, ತಿಂಗಳ ಫೀ ಮುಂಗಡ ಕೇಳಬೇಕು, ಗಿರಾಕಿಯ ಪಾಸ್‌ವರ್ಡ್‌ನಲ್ಲಿ ಏನೇ ಸಲ್ಲಿಸುವ ಮೊದಲು ವಾಟ್ಸ್ಆ್ಯಪ್‌ನಲ್ಲಾದರೂ ಒಪ್ಪಿಗೆ ಪಡೆದಿರಬೇಕು. ನಾಳೆ ನೋಟಿಸ್ ಬಂದಾಗ ‘ನಾನು ಹೇಳಿರಲಿಲ್ಲ’ ಅನ್ನುವ ಗಿರಾಕಿ ಪ್ರತಿ ಊರಿನಲ್ಲೂ ಇರುತ್ತಾನೆ.

ಮಗನಿಗೆ ಇದು ಹಿಡಿಸುತ್ತದೋ ಇಲ್ಲವೋ ತಿಳಿಯಲು ಖರ್ಚೇನಿಲ್ಲ. ಈ ತಿಂಗಳು ನಿಮ್ಮ ಅಂಗಡಿಯ ಖರೀದಿ ಬಿಲ್‌ಗಳನ್ನೆಲ್ಲ ಅವನ ಕೈಗೆ ಕೊಟ್ಟು, 14ನೇ ತಾರೀಕು 2ಬಿ ಇಳಿಸಿಕೊಂಡು ಒಂದೊಂದಾಗಿ ತಾಳೆ ನೋಡಲು ಹೇಳಿ. ಬಾರದ ಬಿಲ್‌ಗಳ ಪಟ್ಟಿ ಮಾಡಿ ಡೀಲರ್‌ಗಳಿಗೆ ಫೋನ್ ಅವನೇ ಮಾಡಲಿ. ನಿಮ್ಮ ಲೆಕ್ಕ ನೋಡುವ ಕನ್ಸಲ್ಟೆಂಟ್ ಹತ್ತಿರ 20ರವರೆಗೆ ಸಂಜೆ ಹೊತ್ತು ಕೂರಲು ಬಿಡುವಂತೆ ಕೇಳಿ. ಆ ವಾರ ಅವರಿಗೂ ಕೈ ಸಾಲದೆ ಇರುತ್ತದೆ, ಬೇಡ ಅನ್ನಲಾರರು.